ಪರದೇಶದ ವಿದ್ಯೆಯೂ ಕೊರಳ ಲಿಂಗವೂ

ನೇತ್ರಾವತಿ ಕುಮಾರಧಾರೆಗಳು ಸಂಗಮಿಸುವ ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಸಾಗುವ ಮಾರ್ಗದಲ್ಲಿ ಕೊಯಿಲವೆಂಬ ಗ್ರಾಮವಿದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಗ್ರಾಮವು ಈಗ ಕಡಬ ತಾಲ್ಲೂಕಿನ ವ್ಯಾಪ್ತಿಗೆ ಬಂದಿದೆ. ಅಡಕೆ, ತೆಂಗು, ರಬ್ಬರು ತೋಟಗಳ ನಡುವೆ ಇಲ್ಲಿ ಪಶುಸಂಗೋಪನಾ ಇಲಾಖೆಯ ವಿಶಾಲವಾದ ಜಾನುವಾರು ಸಂವರ್ಧನ ಕ್ಷೇತ್ರವಿದ್ದು, ಕಿರಿದಾದ ದೇಹದ ನಮ್ಮ ಮಲೆನಾಡು ಗಿಡ್ಡ ಹಸುಗಳನ್ನು ಸಾಕಿ ಉಳಿಸುವ ಕಾರ್ಯವು ನಡೆದಿದೆ. ಪಶುವೈದ್ಯಕೀಯ ಕಾಲೇಜಿಗಾಗಿ ಕಟ್ಟಡಗಳೂ ಅದೇ ನೆಲದಲ್ಲಿ ಎದ್ದಿವೆ. ಕೆಳದಿಯ ಅರಸರು 1763ರವರೆಗೆ ಈ ಕರಾವಳಿಯನ್ನು ತಮ್ಮ ಅಧೀನದಲ್ಲಿಟ್ಟುಕೊಂಡಿದ್ದರಾದರೂ ಇಂದು ಈ ಸೀಮೆಯಲ್ಲಿ ಲಿಂಗಧಾರಿಗಳ ಮನೆಗಳು ವಿರಳ. ಇರುವವರಲ್ಲಿ ಹಲವರು ಉದ್ಯೋಗ ನಿಮಿತ್ತ ಘಟ್ಟ ಇಳಿದು ಬಂದವರು.

ಅಂಥ ಒಂದು ಮನೆಯ ವೃತ್ತಾಂತವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ಹೆಸರು ಹೇಳಕೂಡದೆಂದು ಆ ಮನೆಯವರು ಕೇಳಿಕೊಂಡಿದ್ದಾರೆ; ಉಳಿದುದನ್ನು ಬರೆಯಲು ಮನಃಪೂರ್ವಕವಾಗಿ ಒಪ್ಪಿದ್ದಾರೆ. ಯಜಮಾನರು ದನಕರುಗಳ ಆರೈಕೆಯಲ್ಲಿಯೇ ಸರ್ಕಾರಿ ಸೇವೆ ಮುಗಿಸಿದವರು. ಮನೆಯಾಕೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆಯವರು. ಆಕೆಯ ತವರೂರಿನ ಮಠದಲ್ಲಿಯೇ ನಾನು ಬಾಲ್ಯದಿಂದ ವಿದ್ಯಾರ್ಥಿಯಾಗಿ ಬೆಳೆದವನಾದ್ದರಿಂದ ಕರಾವಳಿಯ ಕಡೆಗೆ ಹೋದಾಗಲೆಲ್ಲ ಅವರಲ್ಲಿ ಪ್ರಸಾದ ಸ್ವೀಕರಿಸುವುದು ರೂಢಿ. ಒಬ್ಬನೇ ಮಗ. ಹುಟ್ಟಿ ಬೆಳೆದದ್ದು ಕೊಯಿಲದಲ್ಲಿ. ಮನೆಯಲ್ಲಿ ತಾಯಿಯ ಕನ್ನಡ, ಹೊರಗೆ ತುಳು, ಶಾಲೆಯಲ್ಲಿ ದಕ್ಷಿಣ ಕನ್ನಡದ ಕನ್ನಡ. ಆಹಾರ ವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಆತ 2022ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್ ಪ್ರಾಂತ್ಯದ ಒಂದು ನಗರಕ್ಕೆ ತೆರಳಿದ.

ಆ ವರ್ಷ ಮಗನನ್ನು ಹೊರದೇಶಕ್ಕೆ ಕಳುಹಿಸುವುದು ಆ ತಾಯಿಗೆ ಸುಲಭವಾಗಿರಲಿಲ್ಲ. ಅದೇ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಆಹಾರ ಪದಾರ್ಥಕ್ಕಾಗಿ ಅಂಗಡಿಯ ಮುಂದೆ ನಿಂತಿದ್ದ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದುದನ್ನು ಓದುಗರು ಮರೆತಿರಲಾರರು. ಮೂರು ವಾರಗಳ ತರುವಾಯ, ಮಾರ್ಚ್ 21ರಂದು ಪಾರ್ಥಿವ ಶರೀರ ಊರಿಗೆ ಬಂದಾಗ ತಂದೆತಾಯಿಗಳು ವಿಧಿವತ್ತಾಗಿ ಪೂಜೆ ಸಲ್ಲಿಸಿ, ಬಳಿಕ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ತವರಿನ ಪಕ್ಕದ ಊರಿನ ಸುದ್ದಿ. ಇಂಗ್ಲೆಂಡಿನಲ್ಲಿ ಯುದ್ಧವಿಲ್ಲವೆಂದು ಎಷ್ಟು ಹೇಳಿದರೂ ಆಕೆಯ ಮನಸ್ಸಿಗೆ ಪರದೇಶವೆಂದರೆ ಒಂದೇ ದೇಶ.

ಹೊರಡುವ ಹಿಂದಿನ ರಾತ್ರಿ ನಾನು ಕೊಯಿಲದಲ್ಲಿಯೇ ಇದ್ದೆ. ಲಿಂಗಪೂಜೆ ಮುಗಿದ ಮೇಲೆ ಹುಡುಗನನ್ನು ಎದುರಿಗೆ ಕೂಡಿಸಿಕೊಂಡು ಉಪದೇಶವನ್ನೂ ಮಾಡಿದೆ. ಆ ಉಪದೇಶದ ಮಾತು ಮುಂದೆ ಬರುತ್ತದೆ.

ಮೊದಲ ಫಜೀತಿ ವಿಮಾನ ನಿಲ್ದಾಣದಲ್ಲಿ. ತಾಯಿ ಚೀಲದೊಳಗೆ ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿಗಳ ಜತೆಗೆ ಆರು ವಿಭೂತಿ ಗಟ್ಟಿಗಳನ್ನಿಟ್ಟಿದ್ದರು. ಬೆಂಗಳೂರಿನಲ್ಲಿ ಕೊರಳಿನ ಬೆಳ್ಳಿಯ ಕರಡಿಗೆಯು ಲೋಹಶೋಧಕದಲ್ಲಿ ಸದ್ದು ಮಾಡಿತು. ಪರೀಕ್ಷಿಸುವವರಲ್ಲಿ ಒಬ್ಬರು ನಮ್ಮ ಕಡೆಯವರೇ ಆಗಿದ್ದುದರಿಂದ ಕರಡಿಗೆಯನ್ನು ಮುಟ್ಟದೆ ಕೈಮುಗಿದು, ವಿಭೂತಿಯ ಗಟ್ಟಿಯನ್ನು ಹಣೆಗೊತ್ತಿಕೊಂಡು ಒಳಗೆ ಬಿಟ್ಟರು. ಮ್ಯಾಂಚೆಸ್ಟರಿನಲ್ಲಿ ಹಾಗಾಗಲಿಲ್ಲ. ಇದೇನೆಂದು ಅಧಿಕಾರಿ ಕೇಳಲು ಈತ "ಪವಿತ್ರವಾದ ಬೂದಿ" ಎಂದ. ಆ ದೇಶದಲ್ಲಿ ಪೆಟ್ಟಿಗೆಯಲ್ಲಿ ಬೂದಿಯನ್ನು ಒಯ್ಯುವವರು ಸಾಮಾನ್ಯವಾಗಿ ತೀರಿಹೋದ ತಮ್ಮವರದನ್ನು ಒಯ್ಯುವರು. ಆಕೆ ಮರುಕದಿಂದ ಧ್ವನಿ ತಗ್ಗಿಸಿ "ಯಾರದು?" ಎಂದು ಕೇಳಿದರು. ಈತ ಗಾಬರಿಗೊಂಡು "ಹಸುವಿನದು" ಎಂದುಬಿಟ್ಟ. ಮರುಕ ಹೋಗಿ ಸಂಶಯ ಬಂದಿತು. ಪ್ರಾಣಿಜನ್ಯ ಪದಾರ್ಥಗಳನ್ನು ಆ ದೇಶದೊಳಕ್ಕೆ ಒಯ್ಯಲು ಕಟ್ಟುನಿಟ್ಟುಗಳುಂಟು. ಸಗಣಿಯನ್ನು ಸುಟ್ಟು ಸೋಸಿ ಮಾಡಿದ ಭಸ್ಮವೆಂದು ವಿವರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದು, ಕೊನೆಗೆ ಎರಡು ಗಟ್ಟಿಗಳು ಉಳಿದವು. ಆ ಎರಡನ್ನೇ ಆತ ವರ್ಷವಿಡೀ ಉಜ್ಜಿದ.

ವಾಸಕ್ಕೆ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಒಂದು ಕೋಣೆ. ಐವರಿಗೆ ಒಂದು ಅಡುಗೆಮನೆ. ಲಾಹೋರಿನವನೊಬ್ಬ, ನೈಜೀರಿಯಾದವನೊಬ್ಬ, ಚೀನಾದ ಇಬ್ಬರು. ಮೊದಲ ಸೋಮವಾರ ಬೆಳಗಿನ ಜಾವ ಸ್ನಾನ ಮಾಡಿ ಪೂಜೆಗೆ ಕುಳಿತವನು ಒಂದು ಚೂರು ಕರ್ಪೂರ ಹಚ್ಚಿದ. ಛಾವಣಿಯಲ್ಲಿದ್ದ ಹೊಗೆಯ ಗಂಟೆ ಅರಚಿಕೊಂಡಿತು. ಅಲ್ಲಿ ಒಂದು ಕೋಣೆಯ ಗಂಟೆ ಬಾರಿಸಿದರೆ ಇಡೀ ಕಟ್ಟಡವೇ ಬರಿದಾಗಬೇಕು. ಹಾಸಿಗೆಯಿಂದೆದ್ದು ಬಂದ ನೂರಾರು ಮಂದಿ ಚಳಿಯಲ್ಲಿ ಅಂಗಳದಲ್ಲಿ ನಿಂತರು. ಅಗ್ನಿಶಾಮಕ ದಳದವರು ಬಂದರು. ಈತ ಹಣೆಯ ತುಂಬ ವಿಭೂತಿಯೊಡನೆ, ಮಡಿಬಟ್ಟೆಯಲ್ಲಿ, ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡ. ಒಂದು ತಿಂಗಳು ಆ ಕಟ್ಟಡದಲ್ಲಿ ಆತನನ್ನು ಗುರುತಿಸದವರಿರಲಿಲ್ಲ. ಧೂಪದೀಪಗಳಿಲ್ಲದೆ ಪೂಜೆ ಊನವಾಯಿತೆಂದು ಫೋನಿನಲ್ಲಿ ಅಲವತ್ತುಕೊಂಡಾಗ ನಾನು ಹೇಳಿದ್ದಿಷ್ಟೆ: ಇಷ್ಟಲಿಂಗದ ಪೂಜೆಗೆ ಎಡಗೈಯಂಗಳವೂ ಎವೆಯಿಕ್ಕದ ನೋಟವೂ ಮುಖ್ಯ, ಬೆಂಕಿಯ ಅಗತ್ಯ ಅಲ್ಲಿ ಕಡಿಮೆ. ಈ ಮಾತಿನಲ್ಲಿ ನಾನು ಧಾರಾಳಿಯಾಗಿಯೇ ಇದ್ದೆ. ಬೇರೊಂದು ಮಾತಿನಲ್ಲಿ ಆಗಿರಲಿಲ್ಲ.

ಊಟದ ತೊಡಕುಗಳು ಎಲ್ಲರೂ ಬಲ್ಲವು. ಆದರೆ ಮಾಂಸವನ್ನು ಬಿಡುವುದಷ್ಟೇ ಸಾಲದೆಂಬುದು ಬಹುಮಂದಿ ತಂದೆತಾಯಿಗಳಿಗೆ ತಿಳಿಯದು. ಹುಟ್ಟುಹಬ್ಬಕ್ಕೆ ಕರೆದ ಗೆಳತಿಯೊಬ್ಬಳು ಕೊಟ್ಟ ಹತ್ತಿಯಂಥ ಬಿಳಿ ಮಿಠಾಯಿಯನ್ನು ಈತ ನಾಲ್ಕು ತಿಂದ ಮೇಲೆ, ಅದು ಗಟ್ಟಿಯಾಗಿರುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್‌ನಿಂದ ಎಂದು ಪೊಟ್ಟಣದ ಮೇಲೆ ಓದಿದ. ಆಹಾರ ವಿಜ್ಞಾನ ಓದಲು ಹೋದವನಿಗೇ ಈ ಗತಿ! ಚೀಸ್‌ನ ವಿಷಯದಲ್ಲಿ ತಂದೆಯೇ ಕೊಯಿಲದಿಂದ ಎಚ್ಚರಿಸಿದರು. ಹಾಲು ಕುಡಿಯುವ ಕರುವಿನ ನಾಲ್ಕನೆಯ ಜಠರದಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವಿರುವುದು ಅವರಿಗೆ ವೃತ್ತಿಯಿಂದ ಗೊತ್ತು. ಇಟಲಿಯ ಪಾರ್ಮಿಜಾನೋ ಎಂಬ ಚೀಸ್‌ಗೆ ಕರುವಿನ ಆ ಕಿಣ್ವವೇ ಕಡ್ಡಾಯ. ಇಂಗ್ಲೆಂಡಿನ ಚೆಡ್ಡರ್ ಚೀಸ್ ಮಾತ್ರ ಬಹಳಷ್ಟು ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವದಿಂದಲೇ ತಯಾರಾಗುತ್ತದೆ, ಪೊಟ್ಟಣದ ಮೇಲೆ ಸಸ್ಯಾಹಾರಿ ಎಂದು ಬರೆದಿರುತ್ತಾರೆ. ಮಕ್ಕಳನ್ನು ಕಳುಹಿಸುವವರು ಇದನ್ನು ಗುರುತು ಹಾಕಿಕೊಳ್ಳಬಹುದು.

ಜನರೊಡನೆ ಬೆರೆಯುವುದರಲ್ಲಿ ಆದ ಎಡವಟ್ಟುಗಳನ್ನು ಆತ ನಗುತ್ತಲೇ ಹೇಳಿದ. ಅಲ್ಲಿ ಎದುರಿಗೆ ಸಿಕ್ಕವರು "ಚೆನ್ನಾಗಿದ್ದೀಯಾ?" ಎಂದು ಕೇಳುತ್ತ ನಡೆದೇ ಹೋಗುತ್ತಾರೆ. ಅದು ನಮಸ್ಕಾರವೇ ಹೊರತು ಪ್ರಶ್ನೆಯಲ್ಲ. ಈತ ನಿಂತು, ನೆಗಡಿ, ನಿದ್ರೆ, ಊರಿನ ಮಳೆ ಎಲ್ಲವನ್ನೂ ಹೇಳುವಷ್ಟರಲ್ಲಿ ಕೇಳಿದವರು ಮೆಟ್ಟಿಲಿಳಿದಿರುತ್ತಿದ್ದರು. ತರಗತಿಯ ಸಹಪಾಠಿಯೊಬ್ಬನ ತಾಯಿ ಸಂಜೆ ಚಹಕ್ಕೆ ಬಾ ಎಂದು ಆಹ್ವಾನಿಸಿದರು. ಚಹ ತಾನೆ, ಎಂದು ಹೊಟ್ಟೆ ತುಂಬ ಉಂಡು ಹೋದ. ಇಂಗ್ಲೆಂಡಿನ ಉತ್ತರದ ಕಡೆಯವರಲ್ಲಿ ಹಲವರು ಚಹವೆಂದರೆ ರಾತ್ರಿಯ ಊಟವೆಂದೇ ಅರ್ಥ ಮಾಡುತ್ತಾರೆ. ಆ ತಾಯಿ ಈತನಿಗೆಂದೇ ಬೇರೆ ಪಾತ್ರೆಯಲ್ಲಿ ತರಕಾರಿಯ ಅಡುಗೆ ಮಾಡಿದ್ದರು. ಅದರ ಮಧ್ಯೆ ಮೀನಿನ ತುಂಡು, ಏಕೆಂದರೆ ಮೀನು ಮಾಂಸವಲ್ಲವೆಂದು ಅವರು ನಂಬಿದ್ದರು. ಉಣ್ಣಲೂ ಆಗದೆ, ಒಲ್ಲೆನೆನ್ನಲೂ ಆಗದೆ ಈತ ಬದಿಯ ಬಟಾಣಿಗಳನ್ನು ಒಂದೊಂದಾಗಿ ತಿಂದ. ಆ ತಾಯಿ ಕಣ್ಣೀರು ತಂದುಕೊಂಡರಂತೆ. ಮುಂದಿನ ಸಲ ಅವರು ಮೊದಲೇ ಕೇಳಿ, ಬೇಳೆಯ ಸಾರು ಮಾಡಿ ಬಡಿಸಿದರು. ಈತ ಹಸಿದೇ ಹೋಗಿದ್ದ.

ಪಾನಗೃಹದ ಪ್ರಸಂಗ ಇದಕ್ಕಿಂತ ಕಹಿ. ಗೆಳೆಯರು ಕರೆದರೆಂದು ಹೋಗಿ ಕಿತ್ತಳೆ ರಸ ಕುಡಿದ. ಅಲ್ಲಿ ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ತಂದುಕೊಡುವ ಪದ್ಧತಿ. ನಾಲ್ವರು ತಂದರು, ಐದನೆಯದು ಈತನ ಸರದಿ. ಆ ಕಟ್ಟಲೆಯೇ ತಿಳಿಯದೆ, ಶರಣು ಹೇಳಿ ಎದ್ದು ಬಂದ. ಕರೆದವನೇ ಉಣಿಸುವುದು ನಮ್ಮ ನಾಡಿನ ರೀತಿ. ಜುಗ್ಗನೆಂಬ ಹೆಸರು ಎರಡು ತಿಂಗಳು ಬೆನ್ನು ಬಿಡಲಿಲ್ಲ, ಏಕೆ ಬಂತೆಂಬುದೂ ತಿಳಿಯಲಿಲ್ಲ. ಕಡೆಗೆ ಲಾಹೋರಿನ ಹುಡುಗ ವಿಷಯ ಬಿಡಿಸಿ ಹೇಳಿದ. ಮರುದಿನವೇ ಈತ ಚಿತ್ರಾನ್ನ ಮಾಡಿ ಆ ನಾಲ್ವರನ್ನೂ ಅಡುಗೆಮನೆಗೆ ಕರೆದು ಬಡಿಸಿದ. ಮದ್ಯ ಬಡಿಸಲು ಆಗದ್ದಕ್ಕೆ ಇದು ಆತ ಕಂಡುಕೊಂಡ ದಾರಿ. ದಾಸೋಹದ ಅರ್ಥವನ್ನು ನಾನು ಹೇಳಿಕೊಟ್ಟಿದ್ದಕ್ಕಿಂತ ಆತ ಮಾಡಿದ್ದೇ ಚೆನ್ನಾಗಿತ್ತು.

ಹಣದ ಬಿಗಿಯೂ ಇತ್ತು. ಆಗ ವಿದ್ಯಾರ್ಥಿಯೊಬ್ಬ ವೀಸಾದೊಡನೆ ಆರೋಗ್ಯದ ಶುಲ್ಕವೆಂದೇ ವರ್ಷಕ್ಕೆ 470 ಪೌಂಡುಗಳಂತೆ ಮುಂಗಡ ಕಟ್ಟಬೇಕಿದ್ದಿತು. 2024ರ ಫೆಬ್ರವರಿಯಿಂದ ಅದು 776 ಪೌಂಡಿಗೇರಿದೆ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ರಾತ್ರಿ ಒಂದು ದೊಡ್ಡ ಅಂಗಡಿಯಲ್ಲಿ ರೊಟ್ಟಿಯ ಅಟ್ಟಣಿಗೆಗಳನ್ನು ತುಂಬಿಸುವ ಕೆಲಸ ಮಾಡಿದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ನಮ್ಮ ಸಮಾಜದ ತರುಣರು ವಿದ್ಯೆಗಾಗಿ ಕಡಲು ದಾಟುವುದು ಹೊಸತಲ್ಲ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ತ್ಯಾಗವೀರ ಲಿಂಗರಾಜರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ದಾದಪ್ಪ ಚಿಂತಪ್ಪ ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನೋದಿ ರ‍್ಯಾಂಗ್ಲರ್ ಎನಿಸಿಕೊಂಡರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದು, ಆ ಬಳಿಕ ಪಂಜಾಬಿನ ರಾಜ್ಯಪಾಲರಾದರು. ಡಾ. ಎಸ್.ಸಿ. ನಂದೀಮಠರು ಲಂಡನ್ನಿಗೆ ಹೋಗಿ ಶೈವಾಗಮಗಳನ್ನೂ ವೀರಶೈವ ಸಿದ್ಧಾಂತವನ್ನೂ ಕುರಿತೇ ಡಾಕ್ಟರೇಟ್ ಪಡೆದರು. ಅವರ ಇಂಗ್ಲಿಷ್ ಕೈಪಿಡಿ 1942ರಲ್ಲಿ ಧಾರವಾಡದಿಂದ ಪ್ರಕಟವಾಯಿತು, ಇಂದಿಗೂ ಸಂಶೋಧಕರ ಕೈಯಲ್ಲಿದೆ. ಅವರ ಕಾಲದಲ್ಲಿ ಮುಂಬಯಿಯಿಂದ ಸುಯೆಜ್ ಕಾಲುವೆಯ ಮಾರ್ಗವಾಗಿ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಮನೆಗೆ ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ತಿಂಗಳು ತಿರುಗುತ್ತಿತ್ತು. ಪಾವಟೆಯವರು ತಮ್ಮ ಅನುಭವಗಳನ್ನು ಗ್ರಂಥರೂಪದಲ್ಲಿ ಬರೆದಿಟ್ಟಿದ್ದರೂ ನಾವು ಸಭೆಗಳಲ್ಲಿ ನೆನೆಯುವುದು ರ‍್ಯಾಂಗ್ಲರ್ ಪದವಿಯನ್ನು ಮಾತ್ರ. ನಮ್ಮ ಪತ್ರಿಕೆಗಳ ಅಭಿನಂದನೆಯ ಪುಟಗಳಲ್ಲಿ ಕರಿಯ ನಿಲುವಂಗಿಯ ಭಾವಚಿತ್ರಗಳು ಅಚ್ಚಾಗುತ್ತವೆ. ಬಟಾಣಿ ತಿಂದ ಸಂಜೆಗಳು ಅಚ್ಚಾಗುವುದಿಲ್ಲ. ಮಗನಿಗೆ ಕಷ್ಟವಾದರೆ ಅದನ್ನು ಮನೆಗೆ ಹೇಳುವುದು ಸೋತಂತೆ ಎಂದು ಆತ ಎಣಿಸಲು ಇದೂ ಒಂದು ಕಾರಣವಿದ್ದೀತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2023ರ ಮಾರ್ಚ್ ತಿಂಗಳ ಕೊನೆಯ ವಾರ. ಹುಡುಗರು ಒಳಾಂಗಣದ ಮೈದಾನದಲ್ಲಿ ಕಾಲ್ಚೆಂಡಾಡಲು ಕರೆದರು. ಕಾಲ್ಚೆಂಡಿನ ನಿಯಮಾವಳಿಯಂತೆ ಆಡುವವರ ಮೈಮೇಲೆ ಸರ, ಉಂಗುರ, ಕಡಗ ಯಾವುದೂ ಇರಕೂಡದು. ಕರಡಿಗೆ ಆಭರಣವಲ್ಲವೆಂದು ವಾದಿಸಿದ. ಯಾರಿಗಾದರೂ ಬಡಿದೀತೆಂದು ಅವರು ಒಪ್ಪಲಿಲ್ಲ, ಅದು ತಪ್ಪೂ ಅಲ್ಲ. ಜುಗ್ಗನೆಂಬ ಹೆಸರು ಹೋಗಿ ಸ್ನೇಹ ಆಗಷ್ಟೇ ಕುದುರಿದ್ದ ಸಮಯ. ಆತ ಶಿವದಾರವನ್ನು ಬಿಚ್ಚಿ, ಕರಡಿಗೆಯನ್ನು ಶುಭ್ರವಾದ ಕರವಸ್ತ್ರದಲ್ಲಿ ಸುತ್ತಿ, ಕೋಟಿನ ಒಳಜೇಬಿನಲ್ಲಿಟ್ಟು, ಕೋಟನ್ನು ಗೂಟಕ್ಕೆ ತೂಗುಹಾಕಿದ. ಚಳಿಗಾಲದಲ್ಲಿ ಅಲ್ಲಿನ ಹುಡುಗರೆಲ್ಲ ತೊಡುವುದು ಒಂದೇ ಬಗೆಯ ಕರಿಯ ಕೋಟು. ಆಟ ಮುಗಿಸಿ ಬಂದಾಗ ಗೂಟದ ಮೇಲೆ ಒಂದು ಕೋಟಿತ್ತು, ಅದು ಆತನದಾಗಿರಲಿಲ್ಲ.

ರಾತ್ರಿ ಹನ್ನೊಂದರವರೆಗೆ ಹುಡುಕಿದ. ಮರುದಿನ ಕಳೆದ ವಸ್ತುಗಳ ಕಚೇರಿಗೆ ಹೋದ. ಗುಮಾಸ್ತೆ ಒಂದು ನಮೂನೆಯನ್ನು ಕೊಟ್ಟು ವಸ್ತುವಿನ ವರ್ಣನೆ ಬರೆಯೆಂದರು. ಬೆಳ್ಳಿಯ ಡಬ್ಬಿ, ಅದರೊಳಗೆ ಕರಿಯ ಕಂತೆಯಿಂದ ಆವೃತವಾದ ಕಲ್ಲು, ಎಂದು ಬರೆದ. ಕಲ್ಲು ಅಮೂಲ್ಯವಾದುದೇ ಎಂದು ಅವರು ಕೇಳಿದರು. ಹೌದೆಂದ. ಹಾಗಾದರೆ ಬೆಲೆಯ ಅಂಕಣವನ್ನು ತುಂಬು ಎಂದರು. ಎಳೆಯ ಕೂಸಾಗಿದ್ದಾಗ ಜಂಗಮರು ಕಟ್ಟಿದ, ತಾಯಿ ಹಾಲುಣಿಸುವ ಮೊದಲು ಕಣ್ಣಿಗೊತ್ತಿದ ಲಿಂಗ ಅದು. ಆತ ಲೇಖನಿ ಹಿಡಿದು ಬಹಳ ಹೊತ್ತು ನಿಂತು, ಅಂಕಣವನ್ನು ಖಾಲಿ ಬಿಟ್ಟು, ಚೀಟಿಯ ಪ್ರತಿಯನ್ನು ಜೇಬಿಗಿಟ್ಟುಕೊಂಡು ಹಿಂದಿರುಗಿದ.

ಅಂದಿನಿಂದ ಆತ ಉಣ್ಣಲಿಲ್ಲ. ಲಿಂಗಕ್ಕೆ ಅರ್ಪಿಸದುದನ್ನು ನಾಲಗೆಗೆ ಇಡಬಾರದೆಂಬ ನಿಯಮದಲ್ಲಿ ಬೆಳೆದ ಹುಡುಗ. ನೀರು ಮಾತ್ರ ಕುಡಿಯುತ್ತಿದ್ದ. ತರಗತಿಗೆ ಹೋಗುವುದನ್ನು ನಿಲ್ಲಿಸಿದ. ಮನೆಗೆ ಆರಾಮವಾಗಿದ್ದೇನೆಂದು ಎರಡಕ್ಷರ ಕಳುಹಿಸಿ ಸುಮ್ಮನಾದ.

ಅದು ರಂಜಾನಿನ ತಿಂಗಳು. ಲಾಹೋರಿನ ಹುಡುಗನೂ ಹಗಲೆಲ್ಲ ಉಪವಾಸವಿದ್ದು ಸಂಜೆ ಅಡುಗೆಮನೆಗೆ ಬರುತ್ತಿದ್ದ. ಮೊದಲ ದಿನ ಈತನೂ ವ್ರತದಲ್ಲಿದ್ದಾನೆಂದು ತಿಳಿದು ಆತನಿಗೆ ಸಂತೋಷವೇ ಆಯಿತಂತೆ. ಎರಡನೆಯ ಸಂಜೆ ಖರ್ಜೂರದ ತಟ್ಟೆ ಹಿಡಿದು ಬಾಗಿಲು ತಟ್ಟಿದ, ಈತ ಬೇಡವೆಂದ. ಮೂರನೆಯ ಸಂಜೆಯೂ ಹಾಗೆಯೇ ಆದಾಗ ಹಾಸಿಗೆಯ ಬದಿಯಲ್ಲಿ ಕುಳಿತು ಕೇಳಿದನಂತೆ: "ಸಂಜೆಯೇ ಇಲ್ಲದ ಉಪವಾಸ ಯಾವ ಧರ್ಮದ್ದು?" ಈತ ಉತ್ತರಿಸಲಿಲ್ಲ. ಆ ಹುಡುಗ ಮೇಜಿನ ಮೇಲಿದ್ದ ಫೋನನ್ನೆತ್ತಿಕೊಂಡು, ಈತನ ಬೆರಳನ್ನೇ ಹಿಡಿದು ಬೀಗ ತೆರೆಸಿ, ತಾಯಿಯ ಸಂಖ್ಯೆಗೆ ಕರೆ ಮಾಡಿದ. ಕೊಯಿಲದಲ್ಲಿ ಆಗ ನಡುರಾತ್ರಿ ಕಳೆದಿತ್ತು. ಅವನಿಗೆ ಬಂದ ಹಿಂದುಸ್ತಾನಿಯಲ್ಲಿ, ಆಕೆಗೆ ಬಂದಷ್ಟು ಹಿಂದಿಯಲ್ಲಿ ಆ ಮಾತುಕತೆ ನಡೆಯಿತು.

ಅದೇ ಸಂಜೆ, ಆ ಕರೆ ಬರುವುದಕ್ಕೆ ಮುನ್ನವೇ ಆಕೆ ನನಗೆ ಫೋನ್ ಮಾಡಿದ್ದರು. "ಅಜ್ಜಾರೆ, ಮೂರು ದಿನಾ ಆತ್ರಿ, ಹುಡುಗ ಫೋನ್ ಎತ್ತವಲ್ಲ. ಆರಾಮ ಅದೀನಿ ಅಂತ ಬರದು ಹಾಕ್ತಾನ, ದನಿ ಕೇಳಸವಲ್ಲ" ಎಂದಿದ್ದರು. ಪರೀಕ್ಷೆಯ ಗಡಿಬಿಡಿ ಇದ್ದೀತೆಂದು ನಾನು ಸಮಾಧಾನ ಹೇಳಿದ್ದೆ. ನಡುರಾತ್ರಿ ಮತ್ತೆ ಕರೆ ಬಂದಾಗ ಆಕೆ ಅಳುತ್ತಿರಲಿಲ್ಲ. ಲಿಂಗ ಕಳೆದಿದೆಯಂತೆ, ಹುಡುಗ ಅನ್ನ ಬಿಟ್ಟಿದ್ದಾನಂತೆ, ನಿಮ್ಮ ಮಾತು ಕೇಳುತ್ತಾನೆ, ನೀವು ಮಾತಾಡಿ ಎಂದಷ್ಟೇ ಹೇಳಿದರು.

ಮಾತಾಡಿದೆ. ಮೊದಲು ಊಟ ಮಾಡಪ್ಪಾ ಎಂದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂದಿತು: "ಅಜ್ಜಾರೆ, ಲಿಂಗ ಇಲ್ಲದೆ ಊಟ ಮಾಡ್ಲಿಕ್ಕೆ ಉಂಟಾ? ನೀವೇ ಹೇಳಿದ್ದಲ್ವಾ?"

ಹೌದು, ನಾನೇ ಹೇಳಿದ್ದೆ. ಸಿದ್ಧಾಂತ ಶಿಖಾಮಣಿಯಲ್ಲಿ ಗುರುವು ಶಿಷ್ಯನಿಗೆ ಲಿಂಗವನ್ನು ಅನುಗ್ರಹಿಸುವ ಸಂದರ್ಭದಲ್ಲಿ, ಅದನ್ನು ಪ್ರಾಣದಂತೆ ಕಾಪಾಡಬೇಕೆಂದೂ ಪ್ರಮಾದದಿಂದ ಅದು ದೇಹದಿಂದ ಬಿದ್ದರೆ ಪ್ರಾಣವನ್ನೇ ತೊರೆಯಬೇಕೆಂದೂ ಹೇಳುವ ಕಠಿಣವಾದ ಶ್ಲೋಕವಿದೆ. ಹೊರಡುವ ಹಿಂದಿನ ರಾತ್ರಿ, ಇಪ್ಪತ್ತೆರಡು ವರ್ಷದ ಹುಡುಗನ ಮುಂದೆ ನಾನು ಆ ಶ್ಲೋಕವನ್ನು ರಾಗವಾಗಿ ಹೇಳಿ, ಪದಪದಕ್ಕೂ ಅರ್ಥ ವಿವರಿಸಿದ್ದೆ. ಆತ ಅಲ್ಲಿ ಹೋಗಿ ಲಿಂಗವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯದಿರಲಿ ಎಂಬುದು ನನ್ನ ಉದ್ದೇಶ. ಅದರೊಡನೆ, ಐವತ್ತು ವರ್ಷದ ಹಿಂದೆ ಕಲಿತ ಶ್ಲೋಕ ಇನ್ನೂ ಬಾಯಲ್ಲಿದೆಯೆಂಬ ಹೆಮ್ಮೆಯೂ ಇದ್ದಿತೆಂಬುದನ್ನು ಮುಚ್ಚಿಡಲಾರೆ.

ಆ ರಾತ್ರಿ ಫೋನ್ ಹಿಡಿದು ಕುಳಿತಾಗ ನೆನಪಿಗೆ ಬಂದದ್ದು ಮಠದ ಒಂದು ಸಂಜೆ. ನನಗಾಗ ಹದಿನಾಲ್ಕೋ ಹದಿನೈದೋ ವಯಸ್ಸು. ಚಕ್ಕಡಿ ಹೊಡೆಯುವ ಒಬ್ಬಾತ ಹೊಳೆ ದಾಟುವಾಗ ಶಿವದಾರ ಹರಿದು ಲಿಂಗವನ್ನು ಕಳೆದುಕೊಂಡಿದ್ದ. ಒಳಗೆ ಬರಲು ತಾನು ಯೋಗ್ಯನಲ್ಲವೆಂದು ಬೆಳಗಿನಿಂದ ಅಗಸೆಯ ಹೊರಗೇ ನಿಂತಿದ್ದ. ಸಂಜೆ ಗುರುಗಳಿಗೆ ಸುದ್ದಿ ಮುಟ್ಟಿ, ಅವರೇ ಎದ್ದು ಹೊರಗೆ ಹೋದರು. ಆತ ಕಾಲಿಗೆ ಬಿದ್ದು ನಡೆದುದನ್ನು ಹೇಳಿದ. ಗುರುಗಳು ಕೇಳಿದ್ದು ಒಂದೇ ಮಾತು: "ಉಂಡೀಯೇನಪಾ?" ಇಲ್ಲವೆಂದ. ಕೈಹಿಡಿದು ಒಳಗೆ ಕರೆತಂದು, ಪಂಕ್ತಿಯಲ್ಲಿ ಕೂಡಿಸಿ ಉಣಿಸಿದರು. ಮರುದಿನ ಬೆಳಿಗ್ಗೆ ಬೇರೆ ಲಿಂಗವನ್ನು ಸಂಸ್ಕರಿಸಿ ಕಟ್ಟಿದರು. ಅದೇ ವಾರ ಶ್ಲೋಕವನ್ನು ಬಾಯಿಪಾಠ ಮಾಡಿದ್ದ ನಾನು ರಾತ್ರಿ ಅವರ ಕಾಲೊತ್ತುತ್ತ, ಗ್ರಂಥದಲ್ಲಿ ಹೀಗಿದೆಯಲ್ಲ ಎಂದೆ. "ಅದು ಲಿಂಗ ಇದ್ದವಗ ಹೇಳಿದ್ದು, ಜೋಪಾನ ಮಾಡ್ಲಿ ಅಂತ. ಕಳಕೊಂಡವಗ ಹೇಳಿದ್ದಲ್ಲ" ಎಂದು ಅವರು ಮಗ್ಗುಲು ತಿರುಗಿದರು.

ಶ್ಲೋಕ ನೆನಪಿನಲ್ಲುಳಿದು ಈ ಮಾತು ಮರೆತುಹೋಗಿದ್ದಿತು. ಇದನ್ನು ಹಾಗೆಯೇ ಹುಡುಗನಿಗೆ ಹೇಳಿದೆ. ಅಂದು ನಾನು ಅರ್ಧವನ್ನಷ್ಟೇ ಹೇಳಿದೆನಪ್ಪಾ, ತಪ್ಪು ನನ್ನದು, ಎಂದೂ ಹೇಳಿದೆ. ಆ ಕಡೆಯಿಂದ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಲಾಹೋರಿನ ಹುಡುಗನ ಧ್ವನಿ, ತಟ್ಟೆಯ ಸದ್ದು ಕೇಳಿಸಿತು. ಖರ್ಜೂರದಿಂದ ಆ ಉಪವಾಸ ಮುಗಿಯಿತು.

ಮರುದಿನ ತಾಯಿಯ ಪ್ರಶ್ನೆ: ಈಗ ವಿಡಿಯೋದಲ್ಲಿಯೇ ದೀಕ್ಷೆ ಕೊಡಿಸಬಹುದಂತಲ್ಲ, ಒಂದು ಲಿಂಗವನ್ನು ಅಂಚೆಯಲ್ಲಿ ಕಳುಹಿಸಿದರಾಗದೆ? ಈ ಬಗ್ಗೆ ಸಮಾಜದಲ್ಲಿ ಮತಭೇದವಿದೆ; ಓದುಗರಲ್ಲಿಯೂ ಇದ್ದೀತು. ಗುರುವಿನ ಹಸ್ತವು ಶಿಷ್ಯನ ಮಸ್ತಕವನ್ನು ಮುಟ್ಟುವುದೇ ದೀಕ್ಷೆಯ ತಿರುಳಾಗಿರುವಾಗ ಗಾಜಿನ ಪರದೆಯ ಮೂಲಕ ಅದನ್ನು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಆದರೆ ಊರಿಗೆ ಬರುವತನಕ ಆತ ಪೂಜೆಯಿಲ್ಲದೆ ಇರಬೇಕೆಂಬುದನ್ನೂ ಒಪ್ಪಲಾರೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಬರಿಯ ಎಡಗೈಯನ್ನೇ ಎದುರಿಗೆ ಹಿಡಿದು, ಇಪ್ಪತ್ತೆರಡು ವರ್ಷ ಕಂಡ ಲಿಂಗವನ್ನು ಅಲ್ಲಿ ಭಾವಿಸಿಕೊಂಡು ಕೂಡು. ಎದ್ದಮೇಲೆ ಪ್ರಸಾದವೆಂದು ಉಣ್ಣು, ಎಂದೆ. ನಮ್ಮಲ್ಲಿ ಇಷ್ಟ, ಪ್ರಾಣ, ಭಾವವೆಂದು ಲಿಂಗವನ್ನು ಮೂರು ಬಗೆಯಾಗಿ ಹೇಳಿರುವುದು ಪಾಠಕ್ಕಷ್ಟೇ ಅಲ್ಲವಷ್ಟೆ. ಹಿರಿಯ ಪೂಜ್ಯರೊಬ್ಬರಲ್ಲಿ ನಿವೇದಿಸಿದಾಗ ಅವರೂ ಸಮ್ಮತಿಸಿದರು.

ಆ ವರ್ಷದ ಬಸವ ಜಯಂತಿ ಏಪ್ರಿಲ್ 23, ಭಾನುವಾರ ಬಂದಿತು. ಹುಡುಗ ರಾತ್ರಿಯ ಬಸ್ಸು ಹಿಡಿದು ಲಂಡನ್ನಿಗೆ ಹೋದ. ಥೇಮ್ಸ್ ನದಿಯ ದಂಡೆಯ ಮೇಲೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾಗಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಹೊಳೆಯ ಆಚೆ ದಂಡೆಯಲ್ಲಿ ಅವರ ಪಾರ್ಲಿಮೆಂಟು. ಅಲ್ಲಿ ಸೇರಿದ್ದ ಕನ್ನಡ ಕುಟುಂಬಗಳಲ್ಲಿ ವಿಜಯಪುರದ ಕಡೆಯ ಒಬ್ಬ ತಾಯಿ ಈತನ ಹಣೆಯ ವಿಭೂತಿಯನ್ನೂ ಬರಿಯ ಕೊರಳನ್ನೂ ನೋಡಿದರು. ಏನೂ ಕೇಳದೆ ಮನೆಗೆ ಕರೆದೊಯ್ದು ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಏಳು ತಿಂಗಳ ಮೇಲೆ ಜೋಳದ ರೊಟ್ಟಿ ಉಂಡೆನೆಂದು ಆತ ಅಲ್ಲಿಂದಲೇ ತಾಯಿಗೆ ಫೋನ್ ಮಾಡಿದ. ಈ ಸಲ ದನಿ ಕೇಳಿಸಿತು.

ವ್ಯಾಸಂಗ ಮುಗಿಸಿ 2023ರ ದೀಪಾವಳಿಗೆ ಆತ ಕೊಯಿಲಕ್ಕೆ ಬಂದ. ಘಟ್ಟದ ಮೇಲಿನಿಂದ ಪೂಜ್ಯರನ್ನು ಬರಮಾಡಿಕೊಂಡು, ಮನೆಯ ಪಡಸಾಲೆಯಲ್ಲಿಯೇ ಲಿಂಗಧಾರಣೆ ನಡೆಯಿತು. ತಂದೆ ಈ ಬಾರಿ ಬೆಳ್ಳಿಯ ಕರಡಿಗೆಯನ್ನು ಮಾಡಿಸಲಿಲ್ಲ. ವಿಮಾನ ನಿಲ್ದಾಣದಲ್ಲಿ ಸದ್ದಾಗದಿರಲೆಂದು ಬಿಳಿಯ ವಸ್ತ್ರವನ್ನೇ ಹೊಲಿಸಿದ್ದರು. ಜಂಗಮರ ಹಸ್ತ ತಲೆಯ ಮೇಲೆ ಬಿದ್ದಾಗ ಹುಡುಗನ ಬೆನ್ನು ನಡುಗಿದ್ದನ್ನು ಹಿಂದೆ ಕುಳಿತಿದ್ದ ನಾನು ಕಂಡೆ. ಪಂಕ್ತಿಯಲ್ಲಿ ಕ್ಷೇತ್ರದ ಹಳೆಯ ನೌಕರರು, ನೆರೆಹೊರೆಯ ತುಳುವರು ಎಲ್ಲರೂ ಇದ್ದರು. ಲಾಹೋರಿನ ಹುಡುಗನ ಹೆಸರು ಹೇಳಿ ತಾಯಿ ಒಂದು ಎಲೆ ಹೆಚ್ಚಿಗೆ ಹಾಕಿಸಿದರು.

ಸಂಜೆ ಎಲ್ಲರೂ ಹೋದಮೇಲೆ ಆತ ಹಣದ ಚೀಲದಿಂದ ಮಡಿಚಿ ಮಡಿಚಿ ಸವೆದಿದ್ದ ಒಂದು ಕಾಗದವನ್ನು ತೆಗೆದ. ಕಳೆದ ವಸ್ತುಗಳ ಕಚೇರಿಯ ಚೀಟಿ. ಬೆಲೆಯ ಅಂಕಣ ಖಾಲಿಯಾಗಿಯೇ ಇತ್ತು. ಇದನ್ನು ಏನು ಮಾಡಬೇಕು, ನೀರಿಗೆ ಬಿಡಬೇಕೇ ಎಂದು ನನ್ನನ್ನು ಕೇಳಿದ. ನಾನು ಓದಿದ ಯಾವ ಗ್ರಂಥದಲ್ಲಿಯೂ ಅದಕ್ಕೆ ವಿಧಿಯಿಲ್ಲವಾದ್ದರಿಂದ ತಾಯಿಯನ್ನು ಕೇಳೆಂದೆ. ಆಕೆ ಕೈಯೊರೆಸಿಕೊಂಡು ಬಂದು, ಇಂಗ್ಲಿಷಿನ ಆ ಅಕ್ಷರಗಳನ್ನು ಒಮ್ಮೆ ನೋಡಿ, ಚೀಟಿಯನ್ನು ಮಡಿಚಿ ವಿಭೂತಿಯ ಪೆಟ್ಟಿಗೆಯ ತಳದಲ್ಲಿಟ್ಟು, ಮೇಲೆ ಗಟ್ಟಿಗಳನ್ನು ಜೋಡಿಸಿದರು.